ಹನ್ನೊಂದನೆಯ ವಿಷಯ

ನಾನು ಒಂದು ಅವಧಿಗೆ ನಮ್ಮೂರಿನ ಪುರಸಭೆಯ ಸದಸ್ಯನಾಗಿದ್ದೆ. ಊರಿನ ಹೆಸರು ಇಲ್ಲಿ ಬೇಡ. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಏಳುವ ವಿಮಾನಗಳು ನಮ್ಮ ಮಸೀದಿಯ ಮಿನಾರದ ಮೇಲಿಂದಲೇ ಹಾದುಹೋಗುತ್ತವೆ ಎಂದರೆ ಸಾಕು.

2008ರ ಮೇ 24ರಂದು ಆ ನಿಲ್ದಾಣದಿಂದ ವಿಮಾನ ಸಂಚಾರ ಶುರುವಾದಾಗ ನಮ್ಮಲ್ಲಿ ಹಬ್ಬದ ಸಡಗರವಿತ್ತು. ಎಕರೆ ಲೆಕ್ಕದಲ್ಲಿದ್ದ ಜಮೀನು ಚದರಡಿ ಲೆಕ್ಕಕ್ಕೆ ಬಂತು. ಹಿಪ್ಪುನೇರಳೆ ತೋಟಗಳಲ್ಲಿ ಬಡಾವಣೆಯ ಕಲ್ಲುಗಳು ಎದ್ದವು. ಗಲ್ಫಿಗೆ ಹೋಗುವ ಮಕ್ಕಳನ್ನು ಬೀಳ್ಕೊಡಲು ಇನ್ನು ಬೆಂಗಳೂರು ದಾಟಿ ಎಚ್‌ಎಎಲ್‌ವರೆಗೆ ಹೋಗಬೇಕಿಲ್ಲ ಎಂದು ತಾಯಂದಿರು ಸಮಾಧಾನಪಟ್ಟರು.

ಅದಾಗಿ ನಾಲ್ಕು ವರ್ಷಗಳ ನಂತರದ ಒಂದು ಸಾಮಾನ್ಯ ಸಭೆ ನನಗೆ ಇಂದಿಗೂ ನೆನಪಿದೆ. ಅಂದಿನ ಅಜೆಂಡಾದಲ್ಲಿ ಹನ್ನೊಂದು ವಿಷಯಗಳಿದ್ದವು. ಮೊದಲನೆಯದು ನಿಲ್ದಾಣದ ಕಡೆಗೆ ಹೋಗುವ ರಸ್ತೆ ಮತ್ತು ಹೊಸ ಬಡಾವಣೆಗಳದ್ದು. ಅದರ ಮೇಲೆ ಎರಡು ಗಂಟೆ ಚರ್ಚೆ ನಡೆಯಿತು. ನಿಲ್ದಾಣ ನಮ್ಮ ಗಡಿಯೊಳಗಿಲ್ಲ, ಅದರ ತೆರಿಗೆಯಲ್ಲಿ ನಮಗೆ ಬಿಡಿಗಾಸೂ ಇಲ್ಲ. ಆದರೆ ಅಲ್ಲಿ ದುಡಿಯುವವರು ಬಾಡಿಗೆ ಮನೆ ಹುಡುಕಿ ಬರುವುದು ನಮ್ಮೂರಿಗೆ. ಅವರಿಗೆ ನೀರು ಕೊಡುವುದು, ಅವರ ಚರಂಡಿ ಬಳಿಯುವುದು, ಕಸ ಎತ್ತುವುದು ನಮ್ಮ ಕೆಲಸ. ದಿನಕ್ಕೆ ಎರಡು ಸುತ್ತು ಹೋಗುತ್ತಿದ್ದ ಕಸದ ಟ್ರಾಕ್ಟರ್ ನಾಲ್ಕು ಸುತ್ತು ಹೋಗತೊಡಗಿತ್ತು. ಅದನ್ನು ತುಂಬುವ ಜನ ಮಾತ್ರ ಹಿಂದಿನಷ್ಟೇ ಇದ್ದರು.

ಹನ್ನೊಂದನೆಯ ವಿಷಯ, ಗುತ್ತಿಗೆ ಪೌರಕಾರ್ಮಿಕರ ಇಎಸ್‌ಐ ವಂತಿಗೆ. ಆಗ ಸಂಬಳದ ಶೇ. 4.75ರಷ್ಟು ಮಾಲೀಕನ ಪಾಲು, ಶೇ. 1.75ರಷ್ಟು ಕಾರ್ಮಿಕನ ಪಾಲು. ಹಣ ಕಟ್ಟಿದ ರಸೀದಿ ನೋಡದೆ ಗುತ್ತಿಗೆದಾರನ ಬಿಲ್ ಪಾಸು ಮಾಡಬಾರದು ಎಂದು ಲೆಕ್ಕಿಗರು ಟಿಪ್ಪಣಿ ಬರೆದಿದ್ದರು. ‘ಅದು ಅವನ ತಲೆನೋವು, ನಮಗ್ಯಾಕೆ?’ ಎಂದರು ಒಬ್ಬರು. ‘ಬಿಲ್ ತಡೆದರೆ ನಾಳೆ ಕಸ ಎತ್ತೋರು ಯಾರು?’ ಎಂದರು ಇನ್ನೊಬ್ಬರು. ಅಸರ್ ನಮಾಝಿನ ಹೊತ್ತಾಗಿತ್ತು. ‘ಮುಂದಿನ ಸಭೆಗೆ ಇಡೋಣ’ ಎಂದೆ. ಹೌದು, ಹಾಗೆ ಹೇಳಿದವನು ನಾನೇ. ಎಲ್ಲರೂ ಒಪ್ಪಿದರು. ವಿಷಯ ಮುಂದಕ್ಕೆ ಹೋಯಿತು, ಬಿಲ್ ಪಾಸಾಯಿತು.

ನಾಲ್ಕು ತಿಂಗಳ ನಂತರ ಒಂದು ದಿನ ಫಜ್ರ್ ಮುಗಿಸಿ ಬರುತ್ತಿದ್ದೆ. ನಮ್ಮ ಬೀದಿ ಗುಡಿಸುವ ಹೆಂಗಸು ಪೊರಕೆಯನ್ನು ಗೋಡೆಗೆ ಒರಗಿಸಿ ಎದುರಿಗೆ ಬಂದಳು. ಆಕೆಯ ಗಂಡ ಅದೇ ಟ್ರಾಕ್ಟರಿಗೆ ಕಸ ತುಂಬುತ್ತಿದ್ದವನು. ಕಾಮಾಲೆಯಾಗಿ ಹಾಸಿಗೆ ಹಿಡಿದಿದ್ದ.

‘ಸಾಬ್ರೇ, ಈ ಕಾರ್ಡು ನಡೆಯಾಕಿಲ್ವಂತೆ. ಯಾಕೆ ಅಂತ ನೋಡಿ ಹೇಳ್ತೀರಾ?’

ಇಎಸ್‌ಐನಲ್ಲಿ ಚಿಕಿತ್ಸೆಯಲ್ಲದೆ, ಕಾಯಿಲೆಯ ದಿನಗಳಿಗೆ ಕೂಲಿಯ ಶೇ. 70ರಷ್ಟು ಹಣ ಕೊಡುವ ಸೌಲಭ್ಯವೂ ಇದೆ. ಅದಕ್ಕೆ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆಯ ಲೆಕ್ಕ ಬೇಕು. ಆತನ ಹೆಸರಿನ ಮುಂದೆ ಏನೂ ಇರಲಿಲ್ಲ. ‘ತಿಂಗಳು ತಿಂಗಳು ದುಡ್ಡು ಹಿಡ್ಕೊಂಡವ್ರೆ, ಚೀಟಿ ಐತೆ’ ಎಂದು ಸಂಬಳದ ಚೀಟಿಗಳನ್ನು ಸೆರಗಿನ ಗಂಟಿನಿಂದ ತೆಗೆದಳು. ಆಕೆ ಯಾರನ್ನೂ ಬಯ್ಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅಂದೇ ವಕೀಲ ಗೆಳೆಯರೊಬ್ಬರ ಮನೆಗೆ ಹೋದೆ. ಅವರು 1948ರ ಇಎಸ್‌ಐ ಕಾಯ್ದೆಯ 40ನೇ ಕಲಂ ತೆರೆದು ತೋರಿಸಿದರು. ಗುತ್ತಿಗೆದಾರನ ಮೂಲಕ ಬಂದ ಕಾರ್ಮಿಕರಿಗೂ ಎರಡೂ ಪಾಲಿನ ವಂತಿಗೆಯನ್ನು ಮೊದಲು ಕಟ್ಟಬೇಕಾದವನು ಪ್ರಧಾನ ಮಾಲೀಕ. ಆಮೇಲೆ ಅದನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲು 41ನೇ ಕಲಂ ಇತ್ತು. ‘ಊರಿನ ಕಸ ಯಾರದು?’ ಎಂದು ಕೇಳಿದರು ಗೆಳೆಯರು. ನಾನು ಉತ್ತರ ಕೊಡಲಿಲ್ಲ.

ಮುಂದಿನ ಸಭೆಯಲ್ಲಿ ಹಟ ಹಿಡಿದೆ. ಬಿಲ್ ತಡೆಹಿಡಿದು ಬಾಕಿ ಕಟ್ಟಿಸಿದ್ದಾಯಿತು. ಆದರೆ ಹಣ ಆ ಮನೆ ಸೇರುವ ಹೊತ್ತಿಗೆ ಇನ್ನೂ ಏಳು ತಿಂಗಳು ಕಳೆದಿದ್ದವು. ಆತ ಬದುಕಿಕೊಂಡ, ಅಲ್ಲಾಹನ ದಯೆ. ಮಗಳು ಮಾತ್ರ ಒಂಬತ್ತನೆಯ ತರಗತಿ ಬಿಟ್ಟು, ನಿಲ್ದಾಣದ ರಸ್ತೆಯ ಹೋಟೆಲೊಂದರಲ್ಲಿ ಪಾತ್ರೆ ತೊಳೆಯಲು ಸೇರಿದ್ದಳು. ನಾವು ಎರಡು ಗಂಟೆ ಚರ್ಚಿಸಿದ್ದ ಅದೇ ರಸ್ತೆ.

ಕಾರ್ಮಿಕನ ಬೆವರು ಆರುವ ಮೊದಲು ಆತನ ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನಾನೇ ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೇನೆ. ವಿಮೆಯ ವಂತಿಗೆಯೂ ಕೂಲಿಯೇ, ಕಾಯಿಲೆಯ ದಿನಕ್ಕೆಂದು ಎತ್ತಿಟ್ಟ ಕೂಲಿ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ನಮ್ಮ ಲೆಕ್ಕದ ಪುಸ್ತಕದಲ್ಲಿ ಅದು ‘ಖರ್ಚು’ ಎಂದಿತ್ತು, ವಿಮಾನ ನಿಲ್ದಾಣ ‘ಅಭಿವೃದ್ಧಿ’ ಎಂದಿತ್ತು. ಆ ಅಭಿವೃದ್ಧಿಯ ಕಸ ಹೊತ್ತವರೇ ಈ ಖರ್ಚಿನವರು ಎಂದು ಎರಡು ಪುಟಗಳನ್ನು ಒಟ್ಟಿಗಿಟ್ಟು ಓದಿದವರು ನಮ್ಮಲ್ಲಿರಲಿಲ್ಲ.

ನಿಲ್ದಾಣ ಬೆಳೆಯುತ್ತಲೇ ಇದೆ. 2019ರಲ್ಲಿ ಎರಡನೇ ರನ್‌ವೇ ಬಂತು, 2022ರ ನವೆಂಬರ್‌ನಲ್ಲಿ ಎರಡನೇ ಟರ್ಮಿನಲ್ ಉದ್ಘಾಟನೆಯಾಯಿತು. 2024-25ರಲ್ಲಿ ಅದನ್ನು ಬಳಸಿದವರು 4 ಕೋಟಿಗೂ ಹೆಚ್ಚು ಮಂದಿ. ಇತ್ತ ವಂತಿಗೆಯ ಒಟ್ಟು ದರ 2019ರ ಜುಲೈಯಲ್ಲಿ ಶೇ. 6.5ರಿಂದ 4ಕ್ಕೆ ಇಳಿಯಿತು. ಅಂದಮೇಲೆ ಹೊರೆ ಎಂಬ ಮಾತಿಗೆ ಅರ್ಥವಿಲ್ಲ. ಆದರೂ 2022ರ ಜುಲೈಯಲ್ಲಿ ರಾಜ್ಯದ ಪೌರಕಾರ್ಮಿಕರು ಖಾಯಮಾತಿಗಾಗಿ ಪೊರಕೆ ಕೆಳಗಿಟ್ಟು ಬೀದಿಗೆ ಬರಬೇಕಾಯಿತು.

ನಿಮ್ಮೂರಿನ ಸಭೆಯಲ್ಲೂ ಇಂಥದೊಂದು ಹನ್ನೊಂದನೆಯ ವಿಷಯ ಇದ್ದೇ ಇರುತ್ತದೆ. ಸಾಧ್ಯವಾದರೆ ಅದನ್ನು ಮೊದಲು ಓದಿಸಿ. ರಸೀದಿ ಕೇಳಿ. ನಮಾಝಿಗೆ ಹೊತ್ತಾಯಿತೆಂದು, ನನ್ನಂತೆ, ಅದನ್ನು ಮುಂದಕ್ಕೆ ಹಾಕಬೇಡಿ.