ಒಬ್ಬ ನಂಬಿಗಸ್ತ ಕೆಲಸಗಾರರ ಸ್ಮರಣೆ

ನಮ್ಮ ಶಾಲೆಯಲ್ಲಿ ಓದಿ ಹೋದ ಸೋದರಿಯರಲ್ಲಿ ಉಪಾಧ್ಯಾಯಿನಿಯರೂ ದಾದಿಯರೂ ಮೊದಲಿನಿಂದಲೂ ಅನೇಕರಿರುವರು. ಈಚಿನ ವರುಷಗಳಲ್ಲಿ ಗಣಕಯಂತ್ರದ ಉದ್ಯೋಗವನ್ನು ಹಿಡಿದವರೂ ಹೆಚ್ಚಿರುವರು. ಹಳೆಯ ವಿದ್ಯಾರ್ಥಿನಿಯರಾದ ನಾವು ಕೂಡಿದಾಗಲೆಲ್ಲ ಒಂದು ಪ್ರಶ್ನೆ ಮಾತಿಗೆ ಬರುವುದುಂಟು: ಹಗಲಿರುಳನ್ನು ಬೇಡುವ ಈ ಕೆಲಸದಲ್ಲಿ ಮನೆಗೂ ದೇವರಿಗೂ ಉಳಿಯುವ ಪಾಲೆಷ್ಟು? ಮಕ್ಕಳು ಮಲಗಿದ ಮೇಲೆ ಮನೆ ಸೇರುವ ತಾಯಂದಿರು ನಮ್ಮಲ್ಲಿಯೂ ಇದ್ದಾರೆ. ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತ ಸಜ್ಜನರೊಬ್ಬರನ್ನು ಇಲ್ಲಿ ಸ್ಮರಿಸಲು ಇಚ್ಛಿಸುತ್ತೇವೆ.

ಫ್ರೆಡರಿಕ್ ಬ್ರೂಕ್ಸರವರು ಅಮೆರಿಕಾ ದೇಶದ ಉತ್ತರ ಕೆರೊಲಿನಾ ಸಂಸ್ಥಾನದಲ್ಲಿ 1931ರಲ್ಲಿ ಜನಿಸಿದರು. 1956ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಡಾಕ್ಟರ್ ಪದವಿಯನ್ನು ಪಡೆದು ಐಬಿಎಂ ಕಂಪೆನಿಯನ್ನು ಸೇರಿದರು. ನ್ಯಾನ್ಸಿ ಗ್ರೀನ್‌ವುಡ್ ಎಂಬವರನ್ನು ವಿವಾಹವಾದುದೂ ಅದೇ ವರುಷ. 1964ರ ಏಪ್ರಿಲ್ 7ರಂದು ಆ ಕಂಪೆನಿಯು ಪ್ರಕಟಿಸಿದ ಸಿಸ್ಟಮ್ 360 ಎಂಬ ಯಂತ್ರಗಳ ನಿರ್ಮಾಣವನ್ನು ನಡಿಸಿದವರಲ್ಲಿ ಇವರು ಪ್ರಮುಖರು. ಅದಕ್ಕೆ ಮುಂಚೆ ಅನೇಕ ಯಂತ್ರಗಳು ಒಂದು ಅಕ್ಷರಕ್ಕೆ ಆರೇ ಬಿಟ್‌ಗಳನ್ನು ಕೊಡುತ್ತಿದ್ದುವು. ಅದರಲ್ಲಿ 64 ಚಿಹ್ನೆಗಳು ಮಾತ್ರ ಹಿಡಿಯುತ್ತಿದ್ದುದರಿಂದ ಇಂಗ್ಲಿಷಿನ ಸಣ್ಣಕ್ಷರಗಳಿಗೂ ಎಡೆಯಿರಲಿಲ್ಲ. ಬ್ರೂಕ್ಸರವರು ಎಂಟು ಬಿಟ್‌ಗಳ ಬೈಟ್ ಬೇಕೆಂದು ತೀರ್ಮಾನಿಸಲು 256 ಚಿಹ್ನೆಗಳಿಗೆ ಸ್ಥಳವಾಯಿತು. ತಮ್ಮ ತೀರ್ಮಾನಗಳಲ್ಲೆಲ್ಲ ಇದೇ ಮುಖ್ಯವಾದುದೆಂದು ಅವರು ಎಣಿಸುತ್ತಿದ್ದರು. 1991ರ ಇಸ್ಕಿ ಎಂಬ ಭಾರತೀಯ ಪದ್ಧತಿಯಲ್ಲಿ ಕನ್ನಡವೇ ಮೊದಲಾದ ನಮ್ಮ ಲಿಪಿಗಳ ಅಕ್ಷರಗಳು ಕುಳಿತುದೂ ಈ ಎಂಟು ಬಿಟ್‌ಗಳ ಮೇಲಣ ಅರ್ಧದಲ್ಲಿಯೇ.

ಯಂತ್ರವು ಕೈಗೂಡಿದರೂ ಅದನ್ನು ನಡಿಸುವ ತಂತ್ರಾಂಶವು ಸುಲಭವಾಗಿ ಕೈಗೂಡಲಿಲ್ಲ. ಅದರ ವಿವರಗಳನ್ನು ಬರೆಯಲು ಹತ್ತು ಮಂದಿ ಕುಶಲರು ಹತ್ತು ತಿಂಗಳು ಕೇಳಿದರು. ಅದು ಗಡುವಿಗಿಂತ ಮೂರು ತಿಂಗಳು ಹೆಚ್ಚು. 150 ಮಂದಿಯ ಮತ್ತೊಂದು ತಂಡವು ಗಡುವಿನೊಳಗೆ ಮುಗಿಸುವೆವೆಂದಿತು. ಬ್ರೂಕ್ಸರವರು ದೊಡ್ಡ ತಂಡಕ್ಕೆ ಕೆಲಸವನ್ನು ಒಪ್ಪಿಸಿದರು. ಆ ಕೆಲಸವೂ ತಡವಾಯಿತು, ಗುಣವೂ ಕೆಟ್ಟಿತು. ಇದು ತಮ್ಮದೇ ತಪ್ಪೆಂದು ಅವರು 1975ರಲ್ಲಿ ಪ್ರಕಟವಾದ ‘ದಿ ಮಿಥಿಕಲ್ ಮ್ಯಾನ್-ಮಂತ್’ ಎಂಬ ಗ್ರಂಥದಲ್ಲಿ ಮರೆಮಾಚದೆ ಬರೆದರು. ತಡವಾದ ತಂತ್ರಾಂಶದ ಕೆಲಸಕ್ಕೆ ಜನರನ್ನು ತುಂಬಿದರೆ ಅದು ಇನ್ನೂ ತಡವಾಗುವುದೆಂಬುದು ಅದರ ಪ್ರಸಿದ್ಧ ಬೋಧೆ. ಹೊಸಬರಿಗೆ ಕಲಿಸುವುದರಲ್ಲಿಯೂ ಒಬ್ಬರಿಗೊಬ್ಬರು ತಿಳಿಸುವುದರಲ್ಲಿಯೂ ಹೊತ್ತು ಸವೆಯುವುದು. ಒಂದೇ ಒಲೆಯ ಅಡಿಗೆಮನೆಗೆ ಹತ್ತು ಮಂದಿ ಹೊಕ್ಕರೆ ಅನ್ನವು ಬೇಗನೆ ಬೇಯುವುದುಂಟೇ?

ಕಂಪೆನಿಯಲ್ಲಿ ಅಷ್ಟು ಎತ್ತರಕ್ಕೇರಿದ ಅವರು ಪಾಠ ಹೇಳುವ ವೃತ್ತಿಯನ್ನು ಆರಿಸಿಕೊಂಡರು. ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯದಲ್ಲಿ 1964ರಲ್ಲಿ ಗಣಕಶಾಸ್ತ್ರ ಶಾಖೆಯನ್ನು ಸ್ಥಾಪಿಸಿ 20 ವರುಷ ಅದರ ಮುಖ್ಯಸ್ಥರಾಗಿದ್ದರು. ಗಣಕಶಾಸ್ತ್ರಜ್ಞನು ಇತರರಿಗೆ ಉಪಕರಣವನ್ನು ಮಾಡಿಕೊಡುವ ಕಮ್ಮಾರನಂಥವನೆಂಬುದು ಅವರ ಮತ. ಅದರಂತೆ, ಜೀವರಸಾಯನ ಪಂಡಿತರು ಪ್ರೋಟೀನಿನ ಅಣುಗಳ ಆಕಾರವನ್ನು ಕಣ್ಣಾರೆ ಕಾಣುವಂತೆ ಯಂತ್ರಚಿತ್ರಗಳನ್ನು ರಚಿಸಲು ದುಡಿದರು. 1999ರಲ್ಲಿ ಟ್ಯೂರಿಂಗ್ ಪ್ರಶಸ್ತಿಯು ಅವರಿಗೆ ದೊರೆಯಿತು. ಇಷ್ಟರ ನಡುವೆಯೂ ಅವರು ಸಂಡೇಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ಕ್ರೈಸ್ತ ವಿದ್ಯಾರ್ಥಿಗಳ ಸಂಘದ ಸೇವೆಯಲ್ಲಿಯೂ ಕೈಜೋಡಿಸಿದ್ದರು. ಮೂವರು ಮಕ್ಕಳ ತಂದೆಯಾದ ಅವರು ತಮ್ಮ ಗ್ರಂಥದ 1995ರ ಆವೃತ್ತಿಯನ್ನು, ಪತ್ನಿಯು ದೇವರ ವರವೆಂದು ಹೇಳಿ, ಆಕೆಗೇ ಅರ್ಪಿಸಿದರು. ಅರುವತ್ತಾರು ವರುಷಗಳ ದಾಂಪತ್ಯವನ್ನು ಕಂಡು, 2022ರ ನವೆಂಬರ್ 17ರಂದು, 91ನೆಯ ವಯಸ್ಸಿನಲ್ಲಿ ಇಹಲೋಕವನ್ನು ಬಿಟ್ಟರು.

ಅವರ ಗ್ರಂಥವನ್ನು ಉದ್ಯೋಗದ ಪುಸ್ತಕವೆಂದು ಎಲ್ಲರೂ ಓದುವರು. ನಮಗಾದರೋ ಅದರಲ್ಲಿ ಮನೆಯ ಮಾತೂ ಕೇಳಿಸುತ್ತದೆ. ಒಂದು ಕೆಲಸಕ್ಕೆ ಎಷ್ಟು ದಿನ ಬೇಕೆಂಬುದನ್ನು ಧೈರ್ಯದಿಂದ ನಿಜವಾಗಿ ಹೇಳಬೇಕೆಂದು ಅವರು ಕಲಿಸಿದರು. ಮೇಲಿನವರನ್ನು ಮೆಚ್ಚಿಸಲು ಸುಳ್ಳು ಗಡುವನ್ನು ಒಪ್ಪಿದರೆ ಆ ಸಾಲವನ್ನು ಕಡೆಗೆ ತೀರಿಸುವವರಾರು? ದೀಪದ ಹೊತ್ತಿಗೆ ಬಾಗಿಲನ್ನು ನೋಡುತ್ತ ಕುಳಿತ ಮಕ್ಕಳೇ. ಹೀಗೆ ನೋಡಿದರೆ ಕಛೇರಿಯಲ್ಲಿ ನುಡಿದ ಸತ್ಯವು ಮನೆಯವರಿಗೆ ಮಾಡಿದ ಉಪಕಾರವೂ ಆಗುವುದು.

ಉದ್ಯೋಗಸ್ಥೆಯರಾದ ನಮ್ಮ ಸೋದರಿಯರಿಗೆ ಇನ್ನೊಂದು ಹೊರೆಯುಂಟು. ಕಛೇರಿಯ ಕೆಲಸ ಮುಗಿದರೂ ಒಲೆಯ ಕೆಲಸವು ಕಾದಿರುವುದು. ಆದುದರಿಂದ ಈ ಬಾಳಿನ ಪಾಠವು ಹೆಣ್ಣುಮಕ್ಕಳಿಗೆ ಮಾತ್ರವೆಂದು ತಂದೆಗಳೂ ಸಹೋದರರೂ ತಿಳಿಯಬಾರದು. ದೊಡ್ಡ ಕಂಪೆನಿಯ ದೊಡ್ಡ ಕೆಲಸವನ್ನು ಹೊತ್ತ ಗಂಡಸೇ ಮನೆಯನ್ನೂ ದೇವರ ಸೇವೆಯನ್ನೂ ತನ್ನ ಕರ್ತವ್ಯವೆಂದು ಬಗೆದನಲ್ಲವೇ?

ಪ್ರಿಯ ಸೋದರಿಯರೇ, ನಮ್ಮ ಕೈಗೆ ಬಂದ ತಲಾಂತುಗಳು ಬೇರೆಬೇರೆ. ಒಬ್ಬರದು ಯಂತ್ರ, ಒಬ್ಬರದು ಪಾಠಶಾಲೆ, ಒಬ್ಬರದು ತೊಟ್ಟಿಲು. ಯಾವುದನ್ನು ಹಿಡಿದರೂ ನಂಬಿಗಸ್ತರಾಗಿ ನಡೆಯುವ ಬುದ್ಧಿಯನ್ನೂ, ಸಾಕೆಂದು ಎದ್ದು ಮನೆಗೆ ಹೊರಡುವ ಬುದ್ಧಿಯನ್ನೂ ದೇವರು ನಮ್ಮೆಲ್ಲರಿಗೂ ಅನುಗ್ರಹಿಸಲಿ.