ಪುಟ ಕಟ್ಟಲು ಹೋದ ಮೇಷ್ಟ್ರು

ಮಿಶ್ರಲೋಹದ ಪಾಠ ಮಾಡುವಾಗ ಅಚ್ಚಿನ ಮೊಳೆಯ ಹೆಸರು ಹೇಳದೆ ನಾನು ಮುಂದೆ ಹೋದವನಲ್ಲ. ಸೀಸ, ತವರ, ಆಂಟಿಮನಿ, ಈ ಮೂರು ಕೂಡಿದರೆ ಅಕ್ಷರ ಹುಟ್ಟುತ್ತದೆ ಎಂದು ಬೋರ್ಡಿನ ಮೇಲೆ ಬರೆದು ಬೀಗುತ್ತಿದ್ದೆ. ಆದರೆ ಪುಟವೊಂದು ಹುಟ್ಟುವ ಕಷ್ಟ ತಿಳಿದದ್ದು 2004ರಲ್ಲಿ, ನನ್ನ ಮೂವತ್ತೈದನೆಯ ವಯಸ್ಸಿನಲ್ಲಿ.

ಆಗ ನಾನು ತಿಪಟೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಶಾಲೆಗೆ ಇಪ್ಪತ್ತೈದು ತುಂಬಿತ್ತು. ಸ್ಮರಣ ಸಂಚಿಕೆ ಆಗಲೇಬೇಕೆಂದು ತೀರ್ಮಾನವಾಯಿತು. ಲೇಖನ ತಿದ್ದುವುದು ಕನ್ನಡ ಪಂಡಿತರಿಗೆ, ಮುಖಪುಟ ಡ್ರಾಯಿಂಗ್ ಮೇಷ್ಟ್ರಿಗೆ. “ಕಂಪ್ಯೂಟರ್ ಎಂದರೆ ವಿಜ್ಞಾನ ತಾನೇ?” ಎಂದು ಹೆಡ್‌ಮಾಸ್ಟರು ಉಳಿದದ್ದನ್ನೆಲ್ಲ ನನ್ನ ತಲೆಗೆ ಕಟ್ಟಿದರು. ಬಿ.ಎಸ್ಸಿ.ಯಲ್ಲಿ ನಾನು ಓದಿದ್ದು ಭೌತ, ರಸಾಯನ, ಗಣಿತ. ಮೌಸನ್ನು ಮುಟ್ಟಿದವನೇ ಅಲ್ಲ.

ಸರಿ, ದಿನಾ ಸಂಜೆ ಪೇಟೆಯ ಡಿ.ಟಿ.ಪಿ. ಅಂಗಡಿಗೆ ಹೋಗಿ ಕೂತೆ. ನನಗಿಂತ ಹದಿನೈದು ವರ್ಷ ಚಿಕ್ಕವನಾದ ಹುಡುಗ ಗುರು, ನಾನು ಶಿಷ್ಯ. ಅವನ ಬಳಿ ಇದ್ದದ್ದು ಪೇಜ್‌ಮೇಕರ್. 1985ರಲ್ಲಿ ಆಲ್ಡಸ್ ಎಂಬ ಕಂಪನಿ ಹೊರತಂದ ಈ ತಂತ್ರಾಂಶ 1994ರಲ್ಲಿ ಅಡೋಬಿಯ ಕೈ ಸೇರಿತ್ತು. 2001ರ ಏಳನೆಯ ಆವೃತ್ತಿಯೇ ಅದರ ಕೊನೆಯದು. ನಾನು ಕಲಿಯಲು ಹೋಗುವ ಹೊತ್ತಿಗೆ ತಯಾರಿಸಿದವರು ಅದರ ಆಸೆ ಬಿಟ್ಟಿದ್ದರು ಎನ್ನಿ.

ಮೊದಲ ಪಾಠ ಸಾಲಂತರದ್ದು. ಅದಕ್ಕೆ ಲೀಡಿಂಗ್ ಎನ್ನುತ್ತಾರೆ. ಮೊಳೆ ಜೋಡಿಸುವ ಕಾಲದಲ್ಲಿ ಸಾಲಿಗೂ ಸಾಲಿಗೂ ನಡುವೆ ಸೀಸದ ಪಟ್ಟಿ ಇಡುತ್ತಿದ್ದರಲ್ಲ, ಆ ಸೀಸದ ಹೆಸರೇ ಉಳಿದುಕೊಂಡಿದೆ. ಇದನ್ನು ಕೇಳಿ ನನಗೆ ಊರಿನವರು ಸಿಕ್ಕಷ್ಟು ಸಂತೋಷವಾಯಿತು. ಇಂಚಿಗೆ 72 ಪಾಯಿಂಟು. ಅಕ್ಷರ 10 ಪಾಯಿಂಟಾದರೆ ಯಂತ್ರ ತಾನಾಗಿಯೇ ಸಾಲಿಗೆ 12 ಪಾಯಿಂಟು ಕೊಡುತ್ತದೆ. ಇಂಗ್ಲಿಷಿಗೆ ಇದು ಸಾಕು. ನಮ್ಮ ಅಕ್ಷರಗಳು ಹಾಗಲ್ಲ. ಮೇಲೆ ಗುಡಿಸು, ಕೆಳಗೆ ಒತ್ತು. ‘ರಾಷ್ಟ್ರ’ದ ಕಾಲು ಕೆಳಗಿನ ಸಾಲಿನ ‘ಕೀರ್ತಿ’ಯ ತಲೆಗೆ ತಾಗಿ ಎರಡೂ ಓದಲು ಬಾರದಂತಾಯಿತು. “ಕನ್ನಡಕ್ಕೆ ಗಾಳಿ ಬೇಕು ಸಾರ್” ಎಂದು ಹುಡುಗ 15 ಪಾಯಿಂಟು ಕೊಟ್ಟ. ಸಾಲುಗಳು ಉಸಿರಾಡಿದವು, ಪುಟಗಳೂ ಹೆಚ್ಚಿದವು.

ಅವನಿಗೆ ನಾನು ಕಲಿಸಿದ್ದೂ ಒಂದಿದೆ. ಎ4 ಹಾಳೆಯನ್ನು ಮಡಿಸಿ ನಡುವೆ ಪಿನ್ ಹೊಡೆಯುವ 64 ಪುಟದ ಪುಸ್ತಕದಲ್ಲಿ 1ರ ಪಕ್ಕ 64 ಬರುತ್ತದೆ, 2ರ ಪಕ್ಕ 63. ಅವನು ಪ್ರತಿ ಸಲವೂ ಹಾಳೆ ಮಡಿಸಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಎಲ್ಲಿ ಕೂಡಿದರೂ 65 ಬರಬೇಕು ಎಂದೆ. ಆ ದಿನದ ಕಾಫಿ ಅವನದು.

ಎರಡು ವಾರದಲ್ಲಿ ಪುಟಗಳನ್ನು ನಾನೇ ಕಟ್ಟತೊಡಗಿದೆ. ಹೆಂಡತಿ ಬಡಿಸಿದ ತಟ್ಟೆಯಲ್ಲೂ ಅನ್ನಕ್ಕೂ ಪಲ್ಯಕ್ಕೂ ನಡುವಿನ ಅಂತರ ನೋಡುವಷ್ಟು ಹುಚ್ಚು. ಲೇಸರ್ ಪ್ರಿಂಟರಿನಿಂದ ಬಟರ್ ಪೇಪರಿನ ಮೇಲೆ ಪುಟ ಹೊರಬಂದಾಗ, ಬಿಸಿ ಆರುವ ಮುನ್ನ ಬೆಳಕಿಗೆ ಹಿಡಿದು ನೋಡುತ್ತಿದ್ದೆ.

ಎಲ್ಲ ಮುಗಿದು ಕರಡೂ ನೋಡಿಯಾದ ಮೇಲೆ, ಪ್ಲೇಟಿಗೆ ಕಳಿಸುವ ಹಿಂದಿನ ರಾತ್ರಿ ಒಂದು ಜಾಹೀರಾತು ಬಂತು. ದುಡ್ಡು ಕೈಯಲ್ಲೇ ಇತ್ತು. ಬೇಡ ಎನ್ನುವ ಹಾಗಿರಲಿಲ್ಲ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಲೇಖನವಿದ್ದ ಪುಟದಲ್ಲಿ, ಬರಹದ ಬುಡವನ್ನು ಹಿಡಿದು ಮೇಲಕ್ಕೆಳೆದು ಜಾಹೀರಾತಿಗೆ ಜಾಗ ಮಾಡಿದೆ. ಸೊಗಸಾಗಿ ಕೂತಿತು.

ಪೇಜ್‌ಮೇಕರಿನಲ್ಲಿ ಬರಹದ ತುಂಡನ್ನು ಬಾಣದ ಗುರುತಿನಿಂದ ಮುಟ್ಟಿದರೆ ತಲೆಗೂ ಬುಡಕ್ಕೂ ಪರದೆಯ ಕೋಲಿನಂತೆ ಒಂದೊಂದು ಗೆರೆ ಕಾಣಿಸುತ್ತದೆ. ಬುಡದ ಹಿಡಿಕೆ ಖಾಲಿಯಿದ್ದರೆ ಬರಹ ಮುಗಿಯಿತೆಂದು ಅರ್ಥ; ಪ್ಲಸ್ ಇದ್ದರೆ ಬೇರೆಡೆ ಮುಂದುವರಿದಿದೆ; ಕೆಂಪು ತ್ರಿಕೋನವಿದ್ದರೆ ಇನ್ನೂ ಬರಹವಿದೆ, ಎಲ್ಲಿಯೂ ಜಾಗ ಕೊಟ್ಟಿಲ್ಲ. ಅದು ಅಳಿಸಿಹೋಗಿರುವುದಿಲ್ಲ, ಸುತ್ತಿಟ್ಟ ಚಾಪೆಯಂತೆ ಒಳಗೇ ಇರುತ್ತದೆ. ಅಚ್ಚಾಗುವುದಿಲ್ಲ, ಅಷ್ಟೆ. ಹುಡುಗ ಇದನ್ನು ಮೊದಲ ವಾರವೇ ಹೇಳಿದ್ದ. ನಾನು ನೋಡಲಿಲ್ಲ.

ಆಕೆ ಬರೆದದ್ದು ತಮ್ಮ ಮನೆಯ ಅಟ್ಟದ ಬಗ್ಗೆ. ನಮ್ಮ ಸೀಮೆಯಲ್ಲಿ ಕಾಯಿಯನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಕಳಚಿಕೊಂಡ ಮೇಲೆ ಅಲ್ಲಾಡಿಸಿದರೆ ಲೊಟಲೊಟ ಸದ್ದು. ರಾತ್ರಿ ಇಲಿ ಓಡಿದರೂ ಮನೆಯೇ ಮಾತಾಡಿದಂತಾಗುತ್ತದೆ ಎಂದು ಬರೆದಿದ್ದಳು. ಅಚ್ಚಾದ ಲೇಖನ ಅಲ್ಲಿಗೆ ನಿಂತಿತು. ಸಮಾರಂಭದ ದಿನ ನಮ್ಮ ಪಂಡಿತರೇ, ಅಷ್ಟು ಲೇಖನ ತಿದ್ದಿದ ಗಡಿಬಿಡಿಯಲ್ಲಿ ಮರೆತಿದ್ದರೋ ಏನೋ, “ಎಷ್ಟು ಚೆಂದ ಮುಗಿಸಿದ್ದಾಳೆ ನೋಡ್ರೀ” ಎಂದರು.

ಮರುದಿನ ಆಕೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. “ಸಾರ್, ನಂದು ಇನ್ನೂ ಇತ್ತು.”

ಹಸ್ತಪ್ರತಿ ತೆಗೆದು ನೋಡಿದೆ. ಇದ್ದದ್ದು ಒಂದೇ ಪ್ಯಾರಾ. ಅಮ್ಮನ ಆಪರೇಷನ್ನಿಗೆಂದು ಅಪ್ಪ ಆ ವರ್ಷ ಕಾಯಿಗಳನ್ನು ಕೊಬ್ಬರಿಯಾಗುವ ಮುಂಚೆಯೇ ಇಳಿಸಿ ಮಾರಿಬಿಟ್ಟಿದ್ದರು. ಅಟ್ಟ ಖಾಲಿ. ಈಗ ರಾತ್ರಿ ಸದ್ದಿಲ್ಲ, ಅದಕ್ಕೇ ನನಗೆ ಎಚ್ಚರವಾಗುತ್ತದೆ ಎಂದಿತ್ತು.

ಐನೂರು ಪ್ರತಿಗಳಲ್ಲಿ ನಾನೂರಕ್ಕೂ ಹೆಚ್ಚು ಹಂಚಿಯಾಗಿತ್ತು. ಉಳಿದವಕ್ಕೆ ಚೀಟಿ ಅಚ್ಚು ಹಾಕಿಸಿ ಅಂಟಿಸೋಣ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೇಡ ಸಾರ್, ಎಲ್ಲರೂ ಓದಿ ಆಯ್ತಲ್ಲ. ಮನೆಗೆ ಒಂದು ಕೊಡ್ತೀರಾ? ಅಮ್ಮ ಇನ್ನೂ ಓದಿಲ್ಲ” ಎಂದಳು.

ಆ ಸಂಜೆ ಅಂಗಡಿಗೆ ಹೋಗಿ ಫೈಲು ತೆರೆದೆ. ಕೆಂಪು ತ್ರಿಕೋನ ಅಲ್ಲಿಯೇ ಇತ್ತು. ಜಾಹೀರಾತನ್ನು ಕಿತ್ತು ಪಕ್ಕಕ್ಕಿಟ್ಟು, ಬರಹವನ್ನು ಕೆಳಕ್ಕೆಳೆದೆ. ಎಂಟು ಸಾಲು ಇಳಿದು ಬಂತು, ಹಿಡಿಕೆ ಖಾಲಿಯಾಯಿತು. ಒಂದೇ ಹಾಳೆ. ಹುಡುಗ ದುಡ್ಡು ತೆಗೆದುಕೊಳ್ಳಲಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಅದನ್ನು ಕೊಟ್ಟೆ. ಆಕೆ ಮೊದಲು ಕೊನೆಯ ಸಾಲು ನೋಡಿ, ಆಮೇಲೆ ನೋಟ್‌ಬುಕ್ಕಿನೊಳಗಿಟ್ಟುಕೊಂಡಳು.