ಇಪ್ಪತ್ತು ಮಾರು ಕಾಗದ

ನಾನು ದುಡಿದ ಸೊಲ್ಲಾಪುರದ ದವಾಖಾನೆಯನ್ನು ಕೆಡವಿದರು. ಮಾಳಿಗೆಯ ಮೂಲೆಯಲ್ಲಿದ್ದ ಮಿದುಳಿನ ಅಲೆ ಬರೆಯುವ ಎಂಟು ಪೆನ್ನಿನ ಇಇಜಿ ಮಷೀನು ಮೋಡಕಾದವನಿಗೆ ಕಿಲೋ ಲೆಕ್ಕದಲ್ಲಿ ಹೋಯಿತಂತೆ. ಬೆಂಗಳೂರಿನಲ್ಲಿ ನನ್ನಂತೆ ಇಇಜಿ ತೆಗೆಯುವ ಕೆಲಸ ಕಲಿಯುತ್ತಿರುವ ನಮ್ಮಣ್ಣನ ಮೊಮ್ಮಗಳು ಸುದ್ದಿ ಕೇಳಿ ಗಂಟುಬಿದ್ದಳು: "ಮುತ್ಯಾ, ಈಗ ಸ್ಪೈಕ್ ಎಲ್ಲಿ ಅದಾವ ಅಂತ ಸಾಫ್ಟ್‌ವೇರೇ ಗುರ್ತು ಹಾಕತೈತಿ. ಆಗ ನೀವೆಲ್ಲಾ ಏನ್ ನೋಡತಿದ್ರಿ?"

ಮೊದಲು ತಲೆಯಲ್ಲಿ ಎಣ್ಣೆ ಇದೆಯೋ ಇಲ್ಲವೋ ನೋಡುತ್ತಿದ್ದೆವು. ಸೀಗೆಕಾಯಿ ಹಾಕಿ ತಲೆ ತೊಳೆದು, ಎಣ್ಣೆ ಮುಟ್ಟಿಸದೆ, ರಾತ್ರಿ ಅರ್ಧ ನಿದ್ದೆಗೆಡಿಸಿ ಕರೆತನ್ನಿ ಎಂದು ಚೀಟಿ ಬರೆದುಕೊಟ್ಟರೂ, ನಮ್ಮ ದೇವರ ಹಿಪ್ಪರಗಿ, ಸಿಂದಗಿ, ಇಂಡಿ ಕಡೆಯ ಯಾವ ತಾಯಿ ಮಗಳನ್ನು ಬರಿದಲೆಯಲ್ಲಿ ಶಹರಕ್ಕೆ ತಂದಾಳು? ಎಣ್ಣೆ ಒತ್ತಿ, ಬಿಗಿಯಾಗಿ ಹೆಳಲು ಹಾಕಿಯೇ ಕರೆತರುತ್ತಿದ್ದಳು. ಆ ಜಿಡ್ಡನ್ನು ನಾವು ಸ್ಪಿರಿಟ್ ಹತ್ತಿಯಿಂದ ಬೈತಲೆ ಬೈತಲೆಯಾಗಿ ಒರೆಸಬೇಕು. ಮೂಗಿನ ಬುಡದಿಂದ ಹಿಂದಲೆಯ ಗುಬಟಿನವರೆಗೆ ಟೇಪು ಹಿಡಿದು ಅಳೆದು, ಗುರುತು ಹಾಕಿ, ಬೆಂಟೊನೈಟ್ ಮಣ್ಣಿನ ಪೇಸ್ಟಿನಿಂದ ತಂತಿಗಳನ್ನು ಅಂಟಿಸಬೇಕು. ಕುಸುಬಿ ಎಣ್ಣೆ, ಸ್ಪಿರಿಟ್, ಹಸಿ ಮಣ್ಣು, ಪೆನ್ನಿನ ಮಸಿ ಎಲ್ಲ ಕೂಡಿದ ಆ ವಾಸನೆ ರಾತ್ರಿ ಊಟಕ್ಕೆ ಕುಳಿತಾಗಲೂ ಬೆರಳಲ್ಲಿ ಇರುತ್ತಿತ್ತು. ಈಗಿನ ಕೋಣೆಗಳು ಏಸಿಯಲ್ಲಿ ತಣ್ಣಗಿವೆ, ಏನೂ ನಾರುವುದಿಲ್ಲ.

ನಮ್ಮ ಡಾಕ್ಟರ್ ಸರ್ ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಕಲಿತು ಬಂದವರು. ಅವರದೊಂದು ಹಟ. ಫಿಟ್ಸ್ ಬಂದದ್ದನ್ನು ಕಣ್ಣಾರೆ ಕಂಡವರು ಎದುರು ಕೂರದೆ ಕಾಗದ ಕೈಗೆತ್ತಿಕೊಳ್ಳುತ್ತಿರಲಿಲ್ಲ. ಅಪ್ಪ ಬಂದಿದ್ದರೆ, "ನೀ ಹೊಲದಾಗಿದ್ದಿ. ಕಂಡಾಕಿ ಯಾರು?" ಅಜ್ಜಿ ಕಂಡಿದ್ದರೆ ಅಜ್ಜಿಯೇ ಬರಬೇಕು. ಕಣ್ಣು ತೆರೆದಿತ್ತೋ ಮುಚ್ಚಿತ್ತೋ? ಕತ್ತು ಯಾವ ಕಡೆ ತಿರುಗಿತು? ನಾಲಗೆ ಕಚ್ಚಿತ್ತೇ? ಎದ್ದ ಮೇಲೆ ಮಂಪರಿತ್ತೇ? "ಎದ್ದ ಕೂಡಲೇ ನೀರು ಕೇಳಿದ್ಲು" ಎಂದರೆ ಸರ್ ಹುಬ್ಬು ಏರಿಸುತ್ತಿದ್ದರು. ಬರೀ ತಲೆಸುತ್ತಿ ಬಿದ್ದವರು ಹಾಗೆ ಬೇಗ ಚೇತರಿಸಿಕೊಳ್ಳುತ್ತಾರೆ. ಕೈಗೆ ಕೀಲಿ ಕೊಟ್ಟದ್ದು, ಉಳ್ಳಾಗಡ್ಡಿ ಮೂಸಿಸಿದ್ದು, ಗಾಣಗಾಪುರಕ್ಕೆ ಕರೆದೊಯ್ದದ್ದು ಎಲ್ಲವನ್ನೂ ಬೈಯದೆ ಕೇಳುತ್ತಿದ್ದರು. ಬರೆ ಹಾಕಿದ ಗುರುತು ಕಂಡಾಗ ಮಾತ್ರ ಮುಖ ಕೆಂಪಾಗುತ್ತಿತ್ತು.

ಕೂಡಲೇ ಫಲಿತಾಂಶ ಬೇಕೆಂದು ಗಡಿಬಿಡಿ ಮಾಡಿದವರಿಗೆ ಜರ್ಮನಿಯ ಹಾನ್ಸ್ ಬರ್ಗರನ ಕತೆ ಕಾದಿರುತ್ತಿತ್ತು. ಮನುಷ್ಯನ ಮಿದುಳಿನ ಅಲೆಗಳನ್ನು ಅವನು ಮೊದಲು ದಾಖಲಿಸಿದ್ದು 1924ರಲ್ಲಿ, ಲೋಕಕ್ಕೆ ಹೇಳಿದ್ದು 1929ರಲ್ಲಿ. "ಅಂವ ಐದು ವರ್ಷ ತಡಕೊಂಡ. ನೀವು ಐದು ನಿಮಿಷ ತಡಕೋರಿ."

ಒಮ್ಮೆ ನಮ್ಮೂರ ಕಡೆಯ ಒಂದು ಹುಡುಗಿ ಬಂದಿತ್ತು. ಪಾಠ ನಡೆದಾಗ ಲಕ್ಷ್ಯವಿಲ್ಲ ಎಂದು ಮಾಸ್ತರರಿಂದ ಹೊಡೆತ ತಿಂದಿತ್ತು. ಬಿದ್ದದ್ದಿಲ್ಲ, ಕೈಕಾಲು ಸೆಟೆದದ್ದಿಲ್ಲ, ಹೀಗಾಗಿ ಮೂರ್ಛೆ ಎಂದು ಯಾರಿಗೂ ಹೊಳೆದಿರಲಿಲ್ಲ. ಕಾಗದದ ಗಿರಗಿಟ್ಲೆ ಕೊಟ್ಟು ಮೂರು ನಿಮಿಷ ಜೋರಾಗಿ ಊದು ಎಂದೆವು. ಎರಡನೇ ನಿಮಿಷದ ಹೊತ್ತಿಗೆ ಎಂಟೂ ಪೆನ್ನುಗಳು ಒಮ್ಮೆಲೇ ಜಿಗಿದವು. ಸೆಕೆಂಡಿಗೆ ಮೂರರಂತೆ ಚೂಪು ಗೆರೆ, ಹಿಂದೊಂದು ದುಂಡು ಅಲೆ. ಮತ್ತೆ ಚೂಪು, ಮತ್ತೆ ದುಂಡು. ಹುಡುಗಿ ಊದುವುದು ನಿಂತಿತು. ಸರ್ ಅದರ ಕಿವಿಯ ಹತ್ತಿರ ಬಾಗಿ "ಮಾವಿನಹಣ್ಣು" ಎಂದರು. ಹತ್ತು ಸೆಕೆಂಡಿನ ಮೇಲೆ ಪೆನ್ನುಗಳು ಶಾಂತವಾದವು, ಹುಡುಗಿ ಏನೂ ಆಗದವರಂತೆ ಊದತೊಡಗಿತು. "ನಾ ಏನಂದೆ ತಂಗಿ?" "ಏನೂ ಅಂದಿಲ್ಲಲ್ರಿ!" ಸರ್ ಹೊಡೆದ ಮಾಸ್ತರರಿಗೆ ಒಂದು ಪತ್ರ ಬರೆದು ಅವಳ ಅಪ್ಪನ ಕೈಗಿತ್ತರು. ಅಮೆರಿಕದವರು 1935ರಲ್ಲೇ ಗುರುತಿಸಿದ ಅಲೆ ಅದು. ಅಂಥ ಮಕ್ಕಳ ವಿಷಯದಲ್ಲಿ ಮಷೀನಿನ ಮಾತೇ ಮಾತು.

ಎಲ್ಲರ ವಿಷಯದಲ್ಲಿ ಹಾಗಲ್ಲ. ಮೂರ್ಛೆ ರೋಗ ಇದ್ದವರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮೊದಲ ಇಇಜಿ ಸರಿಯಾಗಿಯೇ ಬರುತ್ತದೆ. ಮೈಸೂರು ಸೀಮೆಯ ಬಿಸಿನೀರಿನ ಮೂರ್ಛೆಯನ್ನು ಸರ್ ಇದಕ್ಕೆ ಉದಾಹರಣೆ ಕೊಡುತ್ತಿದ್ದರು. ನೆತ್ತಿಗೆ ಸುಡುನೀರು ಹೊಯ್ದುಕೊಂಡಾಗ ಬರುವ ಆ ಫಿಟ್ಸನ್ನು ಬೆಂಗಳೂರಿನ ಡಾ. ಕೆ.ಎಸ್. ಮಣಿಯವರು ಅಭ್ಯಸಿಸಿ ಬರೆದರು. ಆ ರೋಗಿಗಳಲ್ಲಿ ಬಹುಪಾಲು ಜನರ ಇಇಜಿಯಲ್ಲಿ ಏನೂ ಕಾಣದು. ಬಚ್ಚಲಲ್ಲಿ ನಡೆದದ್ದನ್ನು ಮನೆಯವರು ಹೇಳಿದರೇ ಗೊತ್ತಾಗುವುದು. (ನಮ್ಮ ಬಿಜಾಪುರದವರಿಗೆ ಆ ರೋಗ ಯಾಕಿಲ್ಲ ಎಂದು ನಾನು ಕೇಳಿದ್ದಕ್ಕೆ ಸರ್ ನಕ್ಕಿದ್ದರು: "ನಿಮ್ಮಲ್ಲಿ ತಲೀಮ್ಯಾಲೆ ಹೊಯ್ಕೊಳ್ಳಾಕ ನೀರು ಎಲ್ಲೈತೋ?")

ಚೌಕಾಶಿಯ ಮುತ್ಯಾನನ್ನು ಹೇಗೆ ಮರೆಯಲಿ? ಬಿಜಾಪುರದಿಂದ ಮೀಟರ್ ಗೇಜ್ ಗಾಡಿ ಹಿಡಿದು ಮೊಮ್ಮಗಳನ್ನು ಕರೆತಂದಿದ್ದ. ಕಾಗದ ಸೆಕೆಂಡಿಗೆ ಮೂರು ಸೆಂಟಿಮೀಟರಿನಂತೆ ಓಡಿ, ಇಪ್ಪತ್ತು ನಿಮಿಷಕ್ಕೆ ಮೂವತ್ತಾರು ಮೀಟರ್ ರಾಶಿ ಬಿದ್ದಿತ್ತು. ಎಂಟು ಗೆರೆ ನೋಡಿ, "ಕೂರಿಗಿ ಸಾಲು ಇದ್ದಂಗೈತಿ" ಎಂದ. ಆಮೇಲೆ ಎರಡೂ ಕೈ ಚಾಚಿ ಅರಿವೆ ಅಂಗಡಿಯಲ್ಲಿ ಅಳೆದಂತೆ ಅಳೆದ. "ಇಪ್ಪತ್ತು ಮಾರು ಆತು. ಅದರಾಗ ಅರ್ಧದಷ್ಟು ಹುಡುಗಿ ಮಲಗಿದ್ದೇ ಐತಿ. ಅರ್ಧಾ ರೊಕ್ಕ ತಗೋರಿ ಸಾಹೇಬ್ರ." ಸರ್ ಹೇಳಿದ್ದು: "ಮುತ್ಯಾ, ಮಲಗಿದ್ದೇ ತುಟ್ಟಿ. ಎಚ್ಚರಿದ್ದಾಗ ಅಡಗಿ ಕುಂತದ್ದು ನಿದ್ದ್ಯಾಗ ಹೊರಗ ಬರತೈತಿ." ನಿಜವೇ, ನಿದ್ದೆಗೆಡಿಸಿ ಕರೆತರಲು ಹೇಳುತ್ತಿದ್ದದ್ದೇ ಅದಕ್ಕೆ. ಕೊನೆಗೆ ಹತ್ತು ರೂಪಾಯಿ ಇಳಿಯಿತು. ಸುಗ್ಗಿಯಲ್ಲಿ ಮುತ್ಯಾ ಒಂದು ಚೀಲ ಸೀತನಿ ತೆನೆ ಹೊತ್ತು ಬಂದ.

ಆ ಕಾಲ ಚಲೋ ಇತ್ತೆಂದು ಹೇಳಲಾರೆ. ಕಾಗದದ ಮೇಲೆ ಒಮ್ಮೆ ಬಿದ್ದದ್ದು ಬಿದ್ದಂತೆಯೇ. ಈಗ ಅದೇ ದಾಖಲೆಯನ್ನು ಕಂಪ್ಯೂಟರಿನಲ್ಲಿ ಹತ್ತು ಬಗೆಯಾಗಿ ತಿರುಗಿಸಿ ನೋಡಬಹುದು. ಸೊಲ್ಲಾಪುರಕ್ಕೆ ಬರಲು ಗಾಡಿ ಖರ್ಚಿಲ್ಲದೆ ಬರೆಯಲ್ಲೇ ಉಳಿದ ಮಕ್ಕಳೆಷ್ಟೋ. ಈಗ ವಿಜಯಪುರದಲ್ಲೇ ಎಲ್ಲ ಇದೆ. ಆದರೆ ಕೈಗೆ ಬರುವ ಚೀಟಿಯಲ್ಲಿ "ಫಿಟ್ಸ್?" ಎಂಬ ಒಂದು ಶಬ್ದ ಬಿಟ್ಟರೆ ಏನೂ ಇರುವುದಿಲ್ಲ. ಶಾಲೆಯ ಪ್ರಾರ್ಥನೆಯ ಬಿಸಿಲಲ್ಲಿ ಒಮ್ಮೆ ಬಿದ್ದ ಹುಡುಗನಿಗೆ ಎರಡು ಚೂಪು ಗೆರೆ ಕಂಡವೆಂದು ವರ್ಷಗಟ್ಟಲೆ ಗುಳಗಿ; ನಿಜವಾಗಿ ರೋಗವಿದ್ದವರಿಗೆ "ನಾರ್ಮಲ್" ಎಂದು ಬಿಡುಗಡೆ. ಪ್ರತಿಯೊಬ್ಬರ ಕಿಸೆಯಲ್ಲೂ ವಿಡಿಯೋ ಇದೆ. ಅಂಥ ಸಾಕ್ಷಿ ಸಿಕ್ಕಿದ್ದರೆ ನಮ್ಮ ಸರ್ ಕುಣಿದಾಡುತ್ತಿದ್ದರು. ಈಗಿನವರಿಗೆ ಅದನ್ನು ನೋಡಲು ಪುರುಸೊತ್ತಿಲ್ಲ.

ಲಗ್ನದ ಚೌಕಾಶಿ ಬೇರೆ. 1955ರ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಆದ ತಿದ್ದುಪಡಿ ಹುಚ್ಚಿನ ಜೊತೆಗೆ ಮೂರ್ಛೆಯನ್ನೂ ಮದುವೆಗೆ ಅಡ್ಡಿ ಎಂದು ಬರೆದಿಟ್ಟಿತ್ತು. "ನಾರ್ಮಲ್ ಅಂತ ಬರಕೊಡ್ರಿ, ಎಷ್ಟಾದ್ರೂ ಆಗ್ಲಿ" ಎಂದು ಹೆಣ್ಣಿನವರು ಸರ್ ಮುಂದೆ ನೋಟು ಇಡುತ್ತಿದ್ದರು. ಅವರು ತಳ್ಳಿಬಿಡುತ್ತಿದ್ದರು. 1999ರಲ್ಲಿ ಆ ಶಬ್ದ ಕಾಯ್ದೆಯಿಂದ ಹೋಯಿತು, ಬೀಗರ ಬಾಯಿಂದ ಹೋಗಲಿಲ್ಲ.

ಮೊನ್ನೆ ರಾವುತರಾಯನ ಜಾತ್ರೆಗೆ ಹಿಪ್ಪರಗಿಗೆ ಹೋದಾಗ ಒಬ್ಬ ತಾಯಿ ಮಗಳ ಇಇಜಿಯ ಪಿಡಿಎಫ್ ತೋರಿಸಿದಳು. ನಾರ್ಮಲ್. ಹುಡುಗನ ಮನೆಗೂ ವಾಟ್ಸಾಪಿನಲ್ಲಿ ಕಳಿಸಿದ್ದಾರೆ, ಗುಳಗಿಯನ್ನೂ ಬಿಡಿಸಿದ್ದಾರೆ. ಕಂಡವರು ಯಾರೆಂದೆ. ಹುಡುಗಿಯ ತಮ್ಮ ಫೋನು ತೆಗೆದ. ಕತ್ತು ಎಡಕ್ಕೆ ತಿರುಗಿ, ಎಡಗೈ ಸೆಟೆದು, ಆಮೇಲೆ ಮೈಯೆಲ್ಲ ಅದುರಿ, ಎಲ್ಲ ಸ್ಪಷ್ಟವಿತ್ತು. ನಾಳೆಯೇ ವಿಜಯಪುರಕ್ಕೆ ಹೋಗಿ ಡಾಕ್ಟರಿಗೆ ಈ ವಿಡಿಯೋ ತೋರಿಸಿ, ಗುಳಗಿ ಮತ್ತೆ ಶುರು ಮಾಡಿಸಿರಿ ಎಂದೆ. ಹೋಗಿಬಂದರು. "ಬೀಗರಿಗೆ ಏನ್ ಹೇಳೂದರಿ ಕಾಕಾ?" ಎಂದಳು ತಾಯಿ. ಇದ್ದದ್ದನ್ನೇ ಹೇಳವ್ವಾ ಎಂದೆ. ಇನ್ನೂ ಹೇಳಿಲ್ಲವಂತೆ. ಲಗ್ನ ಮುಂದಿನ ತಿಂಗಳಿದೆ.